ಗೇರ್ ಬದಲಿಸುವ ಎಣ್ಣೆ



ಇವತ್ತಿನ ಮಾತು ಕ್ಲಚ್ ಪೆಡಲ್ ಇಲ್ಲದ ಹಳೆಯ ಕಾರಿನ ಬಗ್ಗೆ. ನಾವು ಅದನ್ನು ಆಟೊಮ್ಯಾಟಿಕ್ ಎನ್ನುತ್ತೇವೆ. ಅದರ ಗೇರ್‌ಬಾಕ್ಸಿನಲ್ಲಿ ಒಂದು ವಿಶೇಷ ಎಣ್ಣೆ ಇರುತ್ತದೆ. ಅದನ್ನು ಸೋಸಲು ಒಂದು ಫಿಲ್ಟರ್ ಇರುತ್ತದೆ. ಆ ಎಣ್ಣೆ ಮತ್ತು ಆ ಫಿಲ್ಟರನ್ನು ಏಕೆ ಬದಲಿಸಬೇಕು, ಯಾವಾಗ, ಹೇಗೆ ಬದಲಿಸಬೇಕು ಎಂಬುದಷ್ಟೇ ಇಂದಿನ ವಿಷಯ.

ಹುಂಚ, ರಿಪ್ಪನ್‌ಪೇಟೆ, ಕೋಣಂದೂರಿನ ಕಡೆಯ ನಮಗೆ ಇದು ಸ್ವಲ್ಪ ಹೊಸದು. ನಮ್ಮದು ಜೀಪಿನ ಸೀಮೆ. ಕೊಡಚಾದ್ರಿ ಹತ್ತುವ ಜೀಪುಗಳನ್ನು ನೀವೆಲ್ಲ ಕಂಡಿದ್ದೀರಿ. ಅವುಗಳ ಗೇರನ್ನು ಕೈಯಲ್ಲೇ ಹಾಕಬೇಕು. ಅಡಿಕೆ ಮೂಟೆಯಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತದ್ದು ಅಂಥ ವಾಹನಗಳೇ. ಈಗ ಮನೆಮನೆಯ ಶೆಡ್ಡುಗಳಲ್ಲಿ ಬೇರೆ ಕಾರುಗಳು ಕಾಣುತ್ತಿವೆ. ಬೆಂಗಳೂರಿನಲ್ಲಿರುವ ಮಕ್ಕಳು ಹೊಸ ಕಾರು ಕೊಳ್ಳುತ್ತಾರೆ. ಹಳೆಯ ಆಟೊಮ್ಯಾಟಿಕ್ ಕಾರನ್ನು ಊರಿನಲ್ಲಿರುವ ಅಪ್ಪನಿಗೆ ಬಿಡುತ್ತಾರೆ. ಮಂಡಿನೋವಿನ ಅಪ್ಪನಿಗೆ, ಹೊಸದಾಗಿ ಡ್ರೈವಿಂಗ್ ಕಲಿತ ಅಮ್ಮನಿಗೆ ಅದರಿಂದ ನಿಜವಾದ ಅನುಕೂಲವಿದೆ. ಎಡಗಾಲಿಗೆ ಕೆಲಸವೇ ಇಲ್ಲ.

ಆದರೆ ಜೀಪಿನ ಲೆಕ್ಕಾಚಾರವನ್ನೇ ಈ ಕಾರಿಗೂ ಹಾಕುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದ. ಜೀಪಿನ ಗೇರ್‌ಬಾಕ್ಸಿನಲ್ಲಿ ಎಣ್ಣೆಗೆ ಮುಖ್ಯವಾಗಿ ಒಂದೇ ಕೆಲಸ. ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವುದು. ಎಣ್ಣೆ ಹಳತಾದರೂ ಗೇರ್ ಬೀಳುತ್ತದೆ, ಗಾಡಿ ಓಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಹಾಗಿಲ್ಲ. ಅಲ್ಲಿ ಗೇರ್ ಬದಲಿಸುವುದೇ ಎಣ್ಣೆ. ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದೂ ಎಣ್ಣೆ. ಬಿಸಿಯನ್ನು ಹೊತ್ತು ಹೊರಗೆ ಸಾಗಿಸುವುದೂ ಅದೇ ಎಣ್ಣೆ. ಬೋಲ್ಟು, ಬೇರಿಂಗುಗಳಂತೆ ಅದೂ ಯಂತ್ರದ ಒಂದು ಬಿಡಿಭಾಗ. ಬಿಡಿಭಾಗ ಎಂದ ಮೇಲೆ ಅದು ಸವೆಯುತ್ತದೆ. ಸವೆದದ್ದನ್ನು ಬದಲಿಸಬೇಕು.

ಅದು ಹೇಗೆ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟಿದ್ದೀರಿ ಎಂದುಕೊಳ್ಳಿ. ಒಂದಕ್ಕೆ ಮಾತ್ರ ಕರೆಂಟು ಇದೆ. ಅದರ ಗಾಳಿಗೆ ಎದುರಿನ ಫ್ಯಾನೂ ತಿರುಗತೊಡಗುತ್ತದೆ. ಈಗ ಗಾಳಿಯ ಬದಲು ಎಣ್ಣೆಯನ್ನು ನೆನೆಯಿರಿ. ಎರಡೂ ಚಕ್ರಗಳು ಎಣ್ಣೆ ತುಂಬಿದ ಒಂದು ಮುಚ್ಚಿದ ಡಬ್ಬಿಯೊಳಗಿವೆ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಚಿಮ್ಮಿಸಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಈ ಡಬ್ಬಿಗೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಬ್ರೇಕ್ ಹಿಡಿದು ನಿಂತಾಗ ಎಂಜಿನ್ ಆಫ್ ಆಗದಿರುವುದು ಇದರಿಂದಲೇ. ನಡುವೆ ಇರುವುದು ಎಣ್ಣೆ ಮಾತ್ರ. ಎಣ್ಣೆ ಜಾರುತ್ತದೆ, ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ.

ಅದರಾಚೆಗೆ ಗೇರುಗಳಿವೆ. ಅವುಗಳ ಜೊತೆ ತೆಳ್ಳನೆಯ ಕ್ಲಚ್ ಪ್ಲೇಟುಗಳ ಕಟ್ಟುಗಳಿವೆ. ಒಂದು ಪಂಪು ಎಣ್ಣೆಯನ್ನು ಒತ್ತಡದಿಂದ ನೂಕುತ್ತದೆ. ಆ ಒತ್ತಡ ಒಂದು ಕಟ್ಟನ್ನು ಬಿಗಿಹಿಡಿದರೆ ಒಂದನೆಯ ಗೇರ್. ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಎರಡನೆಯದು. ಯಾವ ಕಟ್ಟಿಗೆ ಎಣ್ಣೆ ಹೋಗಬೇಕು ಎಂದು ತೀರ್ಮಾನಿಸಲು ವಾಲ್ವ್ ಬಾಡಿ ಎಂಬ ಒಂದು ಲೋಹದ ಹಲಗೆ ಇದೆ. ಹಲಗೆಯ ತುಂಬ ಇಕ್ಕಟ್ಟಾದ ಕಾಲುವೆಗಳು, ಸಣ್ಣ ರಂಧ್ರಗಳು. ಕಣ್ಣಿಗೆ ಕಾಣದಷ್ಟು ನಯವಾದ ಕೊಳೆಯೂ ಅಲ್ಲಿ ಸಿಕ್ಕಿಕೊಂಡು ಕಾಟ ಕೊಡಬಲ್ಲದು. ಫಿಲ್ಟರ್ ಬೇಕಾಗುವುದು ಇದಕ್ಕೇ.

ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾರಿದ್ದು ಅಮೆರಿಕದ ಜನರಲ್ ಮೋಟರ್ಸ್. 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ. ಅದರ ಎಣ್ಣೆಗೆಂದೇ 1949ರಲ್ಲಿ ಆ ಕಂಪನಿ ಒಂದು ಮಾನದಂಡ ಗೊತ್ತುಮಾಡಿತು. ಆ ಕಾಲದ ಎಣ್ಣೆಯಲ್ಲಿ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರು. ಕ್ಲಚ್ ಪ್ಲೇಟು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬ ಹದ ಅದರಿಂದ ಸಿಗುತ್ತಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕ ಆ ಎಣ್ಣೆಯನ್ನು ನಿಷೇಧಿಸಿತು. ತಿಮಿಂಗಿಲಗಳಿಗೆ ಒಳ್ಳೆಯದಾಯಿತು. ರಸಾಯನ ತಜ್ಞರು ಮಾತ್ರ ಅದೇ ಹದಕ್ಕಾಗಿ ಹೊಸ ವಸ್ತುಗಳನ್ನು ಹುಡುಕಬೇಕಾಯಿತು. ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಈ ಎಣ್ಣೆಯಲ್ಲಿ ಜಾರುವ ಗುಣವೂ ಬೇಕು, ಹಿಡಿತವೂ ಬೇಕು. ಆ ಹದ ಒಂದು ಗೇರ್‌ಬಾಕ್ಸಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪಿಸುತ್ತೇನೆ. ಆಟೊಮ್ಯಾಟಿಕ್‌ನಲ್ಲಿ ಬಲ ದಾಟಿಸುವುದು ಎಣ್ಣೆ. ಗೇರ್ ಬದಲಿಸುವುದು ಎಣ್ಣೆಯ ಒತ್ತಡ. ಕ್ಲಚ್ಚಿನ ಹಿಡಿತ ಎಣ್ಣೆಯ ಗುಣವನ್ನು ಅವಲಂಬಿಸಿದೆ. ಇನ್ನು ಮುಂದೆ, ಈ ಎಣ್ಣೆ ನಮ್ಮ ಮಲೆನಾಡಿನಲ್ಲಿ ಬೇಗ ಕೆಡುವುದು ಏಕೆ ಎಂದು ನೋಡೋಣ.

ಮೊದಲ ಕಾರಣ ಬಿಸಿ. ಸಪಾಟು ರಸ್ತೆಯಲ್ಲಿ ಈ ಎಣ್ಣೆ ಸುಮಾರು 80ರಿಂದ 90 ಡಿಗ್ರಿಯಲ್ಲಿ ಇರುತ್ತದೆ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಎಣ್ಣೆಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬಹುಕಾಲದ ಸ್ಥೂಲ ಲೆಕ್ಕ. ಈಗ ನಮ್ಮ ದಾರಿಗಳನ್ನು ನೆನಪಿಸಿಕೊಳ್ಳಿ. ಇಲ್ಲಿಂದ ಮಣಿಪಾಲದ ಆಸ್ಪತ್ರೆಗೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು, ಇಲ್ಲವೇ ಹುಲಿಕಲ್ ಘಾಟಿ. ಆಗುಂಬೆಯಲ್ಲಿ 14 ಕಡಿದಾದ ತಿರುವುಗಳು. ಮರಳುವಾಗ ಅಷ್ಟನ್ನೂ ಹತ್ತಬೇಕು. ಕಾರಿನಲ್ಲಿ ಐದು ಜನ, ಹಿಂದೆ ಸಾಮಾನು, ಮುಂದೆ ನಿಧಾನವಾಗಿ ಏರುವ ಬಸ್ಸು. ವೇಗವಿಲ್ಲ, ಎಂಜಿನ್ ಮಾತ್ರ ದುಡಿಯುತ್ತಿದೆ. ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆ ಅತಿ ಹೆಚ್ಚು ಜಾರುವುದು ಇಂಥ ಹೊತ್ತಿನಲ್ಲೇ. ಜಾರಿದ್ದೆಲ್ಲ ಬಿಸಿಯಾಗುತ್ತದೆ. ಹುಂಚದ ರಥೋತ್ಸವದ ದಿನ ಜನಸಂದಣಿಯಲ್ಲಿ ಅಂಗುಲ ಅಂಗುಲವಾಗಿ ಕಾರು ತೆವಳುವಾಗಲೂ ಬಿಸಿ ಏರುತ್ತದೆ. ಆಗ ಗಾಳಿಯೂ ಸಾಕಷ್ಟು ಸಿಗುವುದಿಲ್ಲ.

ಎರಡನೆಯದು ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7 ಸಾವಿರ ಮಿಲಿಮೀಟರ್ ಮಳೆ. ಹುಲಿಕಲ್ಲಿನಲ್ಲೂ ಕಡಿಮೆಯೇನಿಲ್ಲ. ಆಷಾಢ, ಶ್ರಾವಣದಲ್ಲಿ ಹಳ್ಳ ಉಕ್ಕಿ ರಸ್ತೆಯ ಮೇಲೆ ಹರಿಯುತ್ತದೆ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ. ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಆ ಕೊಳವೆಯಿಂದ ನೀರು ಒಳಗೆ ಬರಬಹುದು. ಇನ್ನೊಂದು ದಾರಿ ರೇಡಿಯೇಟರ್. ಅನೇಕ ಕಾರುಗಳಲ್ಲಿ ಈ ಎಣ್ಣೆ ತಣಿಯುವುದು ರೇಡಿಯೇಟರಿನೊಳಗಿನ ಒಂದು ಕೊಳವೆಯಲ್ಲಿ. ಹಳೆಯ ರೇಡಿಯೇಟರ್ ಒಳಗೊಳಗೇ ತೂತಾದರೆ ನೀರೂ ಎಣ್ಣೆಯೂ ಬೆರೆಯುತ್ತವೆ. ಕ್ಲಚ್ ಪ್ಲೇಟುಗಳ ಮೇಲಿನ ಪದರ ಕಾಗದದ ಜಾತಿಯದು. ನೀರು ಸೋಕಿದರೆ ಅದು ಕಿತ್ತುಬರುತ್ತದೆ. ಹೀಗಾದಾಗ ವಾರಗಟ್ಟಲೆ ಕಾಯಲೇಬಾರದು.

ಕೆಲವು ಕಾರುಗಳ ಜೊತೆ, ಈ ಎಣ್ಣೆ ಕಾರಿನ ಆಯಸ್ಸಿನಷ್ಟೂ ಬಾಳುತ್ತದೆ ಎಂಬ ಮಾತು ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಬೆಟ್ಟದ ರಸ್ತೆ, ಭಾರ ಎಳೆಯುವುದು, ನಿಂತು ನಿಂತು ಸಾಗುವುದು, ಇವನ್ನು ಕಂಪನಿಗಳ ಕೈಪಿಡಿಗಳೇ ಕಷ್ಟದ ಬಳಕೆ ಎನ್ನುತ್ತವೆ. ಅಂಥ ಬಳಕೆಗೆ ಹಲವು ಕೈಪಿಡಿಗಳು ಹೇಳುವ ಗಡುವು ಸುಮಾರು 40 ಸಾವಿರ ಕಿಲೊಮೀಟರ್. ಹೊಸನಗರ, ತೀರ್ಥಹಳ್ಳಿ, ಸಾಗರದಲ್ಲಿ ಓಡುವ ಕಾರಿಗೆ ಅದೇ ಗಡುವು ಸರಿ. ಕಾರು ಕೈ ಬದಲಾಗಿ ಬಂದದ್ದಾದರೆ, ಹಿಂದಿನ ದಾಖಲೆ ಇಲ್ಲದಿದ್ದರೆ, ಎಣ್ಣೆ ಬದಲಿಸಿಲ್ಲ ಎಂದೇ ತಿಳಿದು ಮುಂದುವರಿಯಿರಿ.

ಹಾಗಾದರೆ ಬಿಸಿ ಮತ್ತು ನೀರು ಎರಡೂ ಎಣ್ಣೆಯನ್ನು ಕೆಡಿಸುತ್ತವೆ ಎಂದಾಯಿತು. ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅನೇಕ ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿಗೂ ಒಂದು ಅಳತೆ ಕಡ್ಡಿ ಇರುತ್ತದೆ. ಅದು ಎಂಜಿನ್ ಆಯಿಲಿನ ಕಡ್ಡಿಗಿಂತ ಬೇರೆ. ಎರಡನ್ನೂ ಗುರುತಿಸಿಕೊಳ್ಳಿ. ಕಡ್ಡಿ ತೆಗೆದು ಬಿಳಿಯ ಕಾಗದದ ಮೇಲೆ ಎರಡು ಹನಿ ಬಿಡಿ. ಸಾಮಾನ್ಯವಾಗಿ ಹೊಸ ಎಣ್ಣೆ ತಿಳಿಗೆಂಪಾಗಿ, ಪಾರದರ್ಶಕವಾಗಿ ಇರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ, ಬದಲಿಸುವ ಕಾಲ. ಕಪ್ಪಾಗಿ ಸೀದ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟು ಸುಟ್ಟಿರಬಹುದು. ಹಾಲು ಬೆರೆಸಿದಂಥ ಗುಲಾಬಿ ಬಣ್ಣವಿದ್ದರೆ ನೀರು ಸೇರಿದೆ. ಅಂಥ ಕಾರನ್ನು ಓಡಿಸಬೇಡಿ.

ಕಣ್ಣಿಗೆ ಕಾಣುವ ಮೊದಲೇ ಓಡಿಸುವವರಿಗೆ ತಿಳಿಯುವ ಲಕ್ಷಣಗಳೂ ಇವೆ. ಚಳಿಗಾಲದ ಬೆಳಿಗ್ಗೆ ಡಿ ಎಂಬ ಅಕ್ಷರಕ್ಕೆ ಲಿವರ್ ತಂದ ಮೇಲೆ ಕಾರು ಎರಡು ಮೂರು ಕ್ಷಣ ಸುಮ್ಮನಿದ್ದು ಆಮೇಲೆ ಧಡಕ್ಕನೆ ಹೊರಡುವುದು. ಏರಿನಲ್ಲಿ ಎಂಜಿನ್ ಕೂಗುತ್ತಿದ್ದರೂ ಕಾರು ವೇಗ ಪಡೆಯದಿರುವುದು. ಆಕ್ಸಿಲರೇಟರ್ ಒತ್ತಿದಂತೆ ಗೇರ್‌ಬಾಕ್ಸಿನಿಂದ ಕುಯ್‌ಗುಡುವ ಸದ್ದು. ಈ ಕೊನೆಯದು ಬಹಳ ಸಲ ಫಿಲ್ಟರ್ ಕಟ್ಟಿಕೊಂಡ ಸೂಚನೆ. ಪಂಪಿಗೆ ಎಣ್ಣೆ ಸಾಕಷ್ಟು ಸಿಗುತ್ತಿಲ್ಲ ಎಂದರ್ಥ.

ಬದಲಿಸುವ ಮೊದಲು ಇನ್ನೊಂದು ಪ್ರಶ್ನೆ. ನಿಮ್ಮದು ಯಾವ ಬಗೆಯ ಆಟೊಮ್ಯಾಟಿಕ್? ನಾನು ಈವರೆಗೆ ಹೇಳಿದ್ದು ಟಾರ್ಕ್ ಕನ್ವರ್ಟರ್ ಇರುವ ಕಾರುಗಳ ಬಗ್ಗೆ. ಹ್ಯುಂಡೈ ಐ10ರ ನಾಲ್ಕು ಗೇರಿನ ಆಟೊಮ್ಯಾಟಿಕ್ ಆ ಜಾತಿಯದು. 2000ದ ದಶಕದಲ್ಲಿ ಬಂದ ಕೆಲವು ಹೋಂಡಾ ಸಿಟಿ ಕಾರುಗಳಲ್ಲಿ ಸಿವಿಟಿ ಎಂಬ ಬೇರೆ ಬಗೆ ಇತ್ತು. ಅದರಲ್ಲಿ ಲೋಹದ ಬೆಲ್ಟು ಕೆಲಸ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಇನ್ನೂ ಬೇರೆ. ಅದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದನ್ನೂ ಗೇರ್ ಹಾಕುವುದನ್ನೂ ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಮೂರಕ್ಕೂ ಮೂರು ಬಗೆಯ ಎಣ್ಣೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಗೇರ್‌ಬಾಕ್ಸ್ ಹಾಳು. ತಿಮಿಂಗಿಲದ ಎಣ್ಣೆಯ ವಿಷಯ ಹೇಳುವಾಗ ಹದದ ಮಾತು ಬಂತಲ್ಲ, ಅದು ಇಲ್ಲಿ ಮುಖ್ಯ. ಹ್ಯುಂಡೈನ ಹಳೆಯ ನಾಲ್ಕು ಗೇರಿನ ಪೆಟ್ಟಿಗೆಗೆ ಎಸ್‌ಪಿ-3 ಎಂಬ ದರ್ಜೆ. ಆಮೇಲೆ ಬಂದ ಆರು ಗೇರಿನದಕ್ಕೆ ಎಸ್‌ಪಿ-4. ಹೆಸರು ಹತ್ತಿರವಿದೆ ಎಂದು ಅದಲುಬದಲು ಮಾಡಬಾರದು. ಅಂಗಡಿಯಲ್ಲಿ ಕೆಂಪು ಎಣ್ಣೆ ಕೊಡಿ ಎಂದು ಕೇಳಬೇಡಿ. ಕಾರಿನ ಕೈಪಿಡಿಯಲ್ಲಿರುವ ದರ್ಜೆಯ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಎಣ್ಣೆ ಕೆಟ್ಟಿದ್ದು ತಿಳಿಯಿತು, ಸರಿಯಾದ ದರ್ಜೆಯೂ ಸಿಕ್ಕಿತು. ಈಗ ಕೆಲಸ. ನೀವೇ ಮಾಡುತ್ತೀರೋ, ಮೆಕ್ಯಾನಿಕ್ ಮಾಡುತ್ತಾರೋ, ಈ ಕ್ರಮ ನಿಮಗೆ ಗೊತ್ತಿರಲಿ. ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಲ್ಲಿ.

ಕಾರು ಸಮತಟ್ಟಾದ ಜಾಗದಲ್ಲಿ ನಿಲ್ಲಬೇಕು. ನಮ್ಮ ಮನೆಗಳೆಲ್ಲ ಗುಡ್ಡದ ಓರೆಯಲ್ಲಿ ಇರುವುದರಿಂದ ಸಪಾಟು ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳವೇ. ಆ ಅಂಗಳದಲ್ಲಿ ಈ ಕೆಲಸ ಬೇಡ. ಒಂದು ಲೋಟ ಎಣ್ಣೆ ಚೆಲ್ಲಿದರೂ ಮುಂದಿನ ಕೊಯ್ಲಿನ ಅಡಿಕೆಗೆ ಅದು ಅಂಟುತ್ತದೆ. ಬೇರೆ ಜಾಗ ನೋಡಿ. ಮಳೆ ಬಿದ್ದ ಮಣ್ಣಿನಲ್ಲಿ ಜಾಕಿ ಕುಸಿಯುತ್ತದೆ. ಜಾಕಿಯ ಕೆಳಗೆ ದಪ್ಪ ಹಲಗೆ ಇಡಿ, ಚಕ್ರಕ್ಕೆ ಕಲ್ಲು ಕೊಡಿ. ಜಾಕಿಯೊಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ತೂರಬಾರದು. ಸ್ಟ್ಯಾಂಡ್ ಇರಲೇಬೇಕು.

ಎಣ್ಣೆ ಉಗುರುಬೆಚ್ಚಗಿರಬೇಕು. ಓಡಿಸಿ ತಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ತುಂಬುವ ಜಾಗಕ್ಕೆ ಬೋಲ್ಟು ಇರುವ ಕಾರಾದರೆ ಮೊದಲು ಅದನ್ನು ಬಿಚ್ಚಿ ನೋಡಿ, ಆಮೇಲೆ ಎಣ್ಣೆ ಹೊರಬಿಡುವ ಬೋಲ್ಟು. ಮೇಲಿನದು ತುಕ್ಕು ಹಿಡಿದು ಬರದಿದ್ದರೆ, ಕೆಳಗಿನಿಂದ ಎಣ್ಣೆ ಬಿಟ್ಟು ಕಾರನ್ನು ಅಲ್ಲೇ ಕಟ್ಟಿಹಾಕಿದಂತಾಗುತ್ತದೆ. ಹೊರಬಂದ ಎಣ್ಣೆಯನ್ನು ಲೀಟರ್ ಬಾಟಲಿಗಳಲ್ಲಿ ಅಳೆಯಿರಿ. ಎಷ್ಟು ಬಂತೋ ಮೊದಲು ಅಷ್ಟೇ ಹೊಸದು ಹಾಕಬೇಕು.

ಈಗ ಫಿಲ್ಟರ್. ಎಲ್ಲ ಕಾರುಗಳಲ್ಲೂ ಅದು ಕೈಗೆ ಸಿಗುವುದಿಲ್ಲ. ಹಲವು ಗೇರ್‌ಬಾಕ್ಸುಗಳಲ್ಲಿ ಕೆಳಗಿನ ಚೇಂಬರ್ ಬಿಚ್ಚಿದರೆ ಅದು ಕಾಣುತ್ತದೆ. ಕೆಲವದರಲ್ಲಿ ಹೊರಗಿನ ಕೊಳವೆಯಲ್ಲಿ ಇರುತ್ತದೆ. ಇನ್ನು ಕೆಲವದರಲ್ಲಿ ಗೇರ್‌ಬಾಕ್ಸನ್ನೇ ಇಳಿಸಿ ಇಬ್ಭಾಗ ಮಾಡಬೇಕು. ಅಂಥದ್ದಕ್ಕೆ ಎಣ್ಣೆ ಬದಲಿಸುವುದಷ್ಟೇ ಸಾಕು. ಚೇಂಬರ್ ಬಿಚ್ಚುವಂಥದ್ದಾದರೆ ಒಳಗೆ ಒಂದೆರಡು ಸಣ್ಣ ಅಯಸ್ಕಾಂತಗಳು ಕಾಣುತ್ತವೆ. ಅವುಗಳ ಮೇಲೆ ಬೂದುಬಣ್ಣದ ನಯವಾದ ಕೆಸರು ಇದ್ದರೆ ಹೆದರಬೇಡಿ. ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು, ಹಲ್ಲಿನ ತುಂಡುಗಳು ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ, ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ. ಒಳಗಡೆ ಒರೆಸಲು ನೂಲು ಬಿಡುವ ಬಟ್ಟೆ ಬೇಡ. ಒಂದು ಎಳೆ ನೂಲೂ ವಾಲ್ವಿನ ಕಾಲುವೆಯಲ್ಲಿ ಸಿಕ್ಕಬಹುದು. ಪ್ಯಾಕಿಂಗ್ ಹೊಸದಿರಲಿ. ಚೇಂಬರಿನ ಬೋಲ್ಟುಗಳು ಸಣ್ಣವು, ಅವು ಕೂರುವುದು ಅಲ್ಯೂಮಿನಿಯಂನಲ್ಲಿ. ಜೀಪಿನ ಬೋಲ್ಟು ಬಿಗಿದಂತೆ ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ.

ಒಂದೇ ಸಲ ಬದಲಿಸಿದರೆ ಸಾಕೇ? ಇಲ್ಲ. ಸಣ್ಣ ಕಾರಿನ ಗೇರ್‌ಬಾಕ್ಸಿನಲ್ಲಿ ಒಟ್ಟು 6 ಲೀಟರ್ ಎಣ್ಣೆ ಇದೆ ಎಂದುಕೊಳ್ಳೋಣ. ಬೋಲ್ಟು ಬಿಚ್ಚಿದಾಗ ಬರುವುದು ಹೆಚ್ಚೆಂದರೆ 3 ಲೀಟರ್. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ, ತಣಿಸುವ ಕೊಳವೆಯಲ್ಲಿ ಇರುತ್ತದೆ. ಮೊದಲ ಸಲ ಅರ್ಧ ಹೊಸದಾಯಿತು. ಕೆಲವು ದಿನ ಓಡಿಸಿ ಮತ್ತೆ ಹಾಗೇ ಮಾಡಿದರೆ ಮುಕ್ಕಾಲು ಭಾಗ ಹೊಸದು. ಮೂರನೆಯ ಸಲಕ್ಕೆ ಹತ್ತರಲ್ಲಿ ಒಂಬತ್ತು ಭಾಗದ ಹತ್ತಿರ ಬರುತ್ತದೆ. ಯಂತ್ರದಿಂದ ಎಲ್ಲವನ್ನೂ ಒಮ್ಮೆಗೇ ತೊಳೆದು ತೆಗೆಯುವ ಪದ್ಧತಿಯೂ ಇದೆ. ವರ್ಷಗಟ್ಟಲೆ ಯಾರೂ ಮುಟ್ಟದ ಗೇರ್‌ಬಾಕ್ಸಿಗೆ ನಾನು ಅದನ್ನು ಹೇಳುವುದಿಲ್ಲ. ತಳದಲ್ಲಿ ಕೂತ ಕೊಳೆ ಎದ್ದು ಕಾಲುವೆಗಳಿಗೆ ಸೇರುವ ಅಪಾಯವಿದೆ. ಕಂತುಕಂತಾಗಿ ಬದಲಿಸುವುದೇ ಕ್ಷೇಮ.

ಹೊಸ ಎಣ್ಣೆ ಹಾಕಿದ ಮೇಲೆ ಎಂಜಿನ್ ಚಾಲೂ ಮಾಡಿ. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಎಲ್ಲ ಅಕ್ಷರಗಳಿಗೂ ನಿಧಾನವಾಗಿ ತಂದು ಪಾರ್ಕಿಗೆ ಮರಳಿಸಿ. ಹೆಚ್ಚಿನ ಕಾರುಗಳಲ್ಲಿ ಎಣ್ಣೆ ಬಿಸಿಯಿರುವಾಗ, ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಹೋಂಡಾದಂಥ ಕೆಲವದರಲ್ಲಿ ಎಂಜಿನ್ ಆರಿಸಿದ ಕೂಡಲೇ ನೋಡಬೇಕು. ನಿಮ್ಮ ಕೈಪಿಡಿ ಹೇಳಿದಂತೆ ಮಾಡಿ. ಮಟ್ಟ ಕಡಿಮೆಯಾದರೆ ಒತ್ತಡ ಸಾಲದು. ಹೆಚ್ಚಾದರೆ ಎಣ್ಣೆ ನೊರೆಗಟ್ಟುತ್ತದೆ. ನೊರೆಗೆ ಕ್ಲಚ್ಚನ್ನು ಒತ್ತುವ ಶಕ್ತಿ ಇಲ್ಲ.

ಊರಿನಲ್ಲಿ ಒಂದು ಮಾತಿದೆ. ಹಳೆಯ ಆಟೊಮ್ಯಾಟಿಕ್‌ನ ಎಣ್ಣೆ ಬದಲಿಸಿದರೆ ಗಾಡಿ ಕೆಡುತ್ತದೆ, ಮುಟ್ಟದೆ ಬಿಡಿ ಎಂದು. ಇದರ ಹಿಂದೆ ಅನುಭವವಿದೆ. ಹಾಗಾಗಿ ತಳ್ಳಿಹಾಕುವುದಿಲ್ಲ. ಆದರೆ ಆ ಅನುಭವದಲ್ಲಿ ಏನು ನಡೆದಿರುತ್ತದೆ ಎಂದು ನೋಡಿ. ಬಹಳ ಮಂದಿ ಎಣ್ಣೆ ಬದಲಿಸುವುದು ಗೇರ್ ಜಾರತೊಡಗಿದ ಮೇಲೆಯೇ. ಅಷ್ಟು ಹೊತ್ತಿಗೆ ಕ್ಲಚ್ ಪ್ಲೇಟು ಸುಟ್ಟಿರುತ್ತದೆ. ಹೊಸ ಎಣ್ಣೆ ಸುಟ್ಟ ಪ್ಲೇಟನ್ನು ಸರಿಮಾಡಲಾರದು. ಕೆಡುವ ಹಾದಿಯಲ್ಲಿದ್ದದ್ದು ಕೆಡುತ್ತದೆ, ದೂರು ಎಣ್ಣೆಯ ಮೇಲೆ ಬರುತ್ತದೆ. ಗೇರ್ ಚೆನ್ನಾಗಿ ಬೀಳುತ್ತಿರುವಾಗ, ಎಣ್ಣೆ ಕಂದಾಗಿದ್ದು ಸೀದ ವಾಸನೆ ಇಲ್ಲದಾಗ, ಧೈರ್ಯವಾಗಿ ಬದಲಿಸಿ. ಈಗಾಗಲೇ ಜಾರುತ್ತಿದ್ದರೆ ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಎಣ್ಣೆಗೆ ಖರ್ಚು ಮಾಡುವುದು ಆಮೇಲೆ.

ಎಣ್ಣೆಯೇ ಈ ಯಂತ್ರದ ಬಿಡಿಭಾಗ ಎಂದು ಮೊದಲೇ ಹೇಳಿದೆ. ಅದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ತಿಳಿಸಿ. ಕಾರು ದಾರಿಯಲ್ಲಿ ಕೆಟ್ಟರೆ ನಮ್ಮ ಕಡೆ ಜೀಪಿಗೆ ಹಗ್ಗ ಕಟ್ಟಿ ಎಳೆದು ತರುತ್ತಾರೆ. ಆಟೊಮ್ಯಾಟಿಕ್ ಕಾರನ್ನು ಹಾಗೆ ಎಳೆಯಬಾರದು. ಎಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತಿರುತ್ತದೆ. ಚಕ್ರಗಳು ಮಾತ್ರ ಗೇರುಗಳನ್ನು ತಿರುಗಿಸುತ್ತಿರುತ್ತವೆ. ಎಣ್ಣೆ ತಲುಪದ ಗೇರುಗಳು ರಿಪ್ಪನ್‌ಪೇಟೆ ಮುಟ್ಟುವಷ್ಟರಲ್ಲಿ ಸುಟ್ಟುಹೋಗಬಹುದು. ಎಂಜಿನ್ನಿನ ಬಲ ಹೋಗುವ ಚಕ್ರಗಳನ್ನು ನೆಲದಿಂದ ಎತ್ತಿ ಎಳೆಯಬೇಕು. ಅದಕ್ಕಿಂತ ಒಳ್ಳೆಯದು ಕಾರನ್ನೇ ಲಾರಿಯ ಮೇಲೆ ಹೇರುವುದು. ದೂಡಿ ಸ್ಟಾರ್ಟ್ ಮಾಡುವುದೂ ಇದರಲ್ಲಿ ಆಗದು, ಕಾರಣ ಅದೇ.

ಓಡಿಸುವಾಗಲೂ ಎಣ್ಣೆಯನ್ನು ಕಾಪಾಡಬಹುದು. ಘಾಟಿ ಹತ್ತುವಾಗ, ಇಳಿಯುವಾಗ ಲಿವರನ್ನು ಡಿ ಬಿಟ್ಟು 2ಕ್ಕೆ ತನ್ನಿ, ತೀರ ಕಡಿದಾದಲ್ಲಿ ಎಲ್‌ಗೆ. ಏರುವಾಗ ಗೇರ್ ಮೇಲೆ ಕೆಳಗೆ ಹೊಯ್ದಾಡುವುದು ತಪ್ಪುತ್ತದೆ. ಎಣ್ಣೆ ಅಷ್ಟು ಬಿಸಿಯಾಗುವುದಿಲ್ಲ. ಇಳಿಯುವಾಗ ಬ್ರೇಕಿಗೂ ವಿರಾಮ ಸಿಗುತ್ತದೆ.

ಉಳಿದಿರುವುದು ಹೊರತೆಗೆದ ಹಳೆಯ ಎಣ್ಣೆ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಹಚ್ಚುವುದು, ಇಲ್ಲವೇ ತೋಟದ ಅಂಚಿನ ಗುಂಡಿಗೆ ಸುರಿಯುವುದು ನಮ್ಮಲ್ಲಿ ರೂಢಿ. ಬೇಡ. ನಮ್ಮ ಮಳೆಗೆ ಅದು ಒಂದು ಆಷಾಢವೂ ಅಲ್ಲಿ ನಿಲ್ಲುವುದಿಲ್ಲ. ಹುಂಚದ ಪಕ್ಕದ ಬಿಲ್ಲೇಶ್ವರ ಬೆಟ್ಟದಲ್ಲಿ ಕುಮುದ್ವತಿ ಹುಟ್ಟುತ್ತಾಳೆ. ಅದೇ ನೀರು ಶಿಕಾರಿಪುರ ತಾಲ್ಲೂಕಿನ ಅಂಜನಾಪುರ ಜಲಾಶಯಕ್ಕೆ, ಮುಂದೆ ಮದಗ ಮಾಸೂರು ಕೆರೆಗೆ ಹೋಗುತ್ತದೆ. ನಾವು ಹೊಳೆಯ ತಲೆಯಲ್ಲಿ ಕೂತವರು. ಇಲ್ಲಿ ಸುರಿದದ್ದು ಅವರ ಗದ್ದೆಗೆ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಅನುಮತಿ ಪಡೆದ ಮರುಸಂಸ್ಕರಣೆಯವರೇ ಕೊಳ್ಳಬೇಕು. ಹೊಸ ಎಣ್ಣೆ ಬಂದ ಡಬ್ಬಿಗೇ ಹಳೆಯದನ್ನು ತುಂಬಿ. ನೀರು, ಪೆಟ್ರೋಲು ಬೆರೆಸದೆ ಮುಚ್ಚಳ ಬಿಗಿಯಿರಿ. ವೇಸ್ಟ್ ಆಯಿಲ್ ಬ್ಯಾರೆಲ್ ಇಟ್ಟಿರುವ ಗ್ಯಾರೇಜಿಗೆ ಕೊಡಿ. ಹಳೆಯ ಫಿಲ್ಟರನ್ನೂ ಎಣ್ಣೆ ಬಸಿದು ಅಲ್ಲಿಗೇ ಕೊಡಿ.

ಬದಲಿಸಿದ ದಿನಾಂಕ, ಮೀಟರಿನ ಕಿಲೊಮೀಟರ್, ಎಣ್ಣೆಯ ದರ್ಜೆ, ಈ ಮೂರನ್ನು ಒಂದು ಕಾಗದದಲ್ಲಿ ಬರೆದು ಕಾರಿನ ಕೈಪಿಡಿಯೊಳಗೆ ಇಡಿ. ನಾಳೆ ಆ ಕಾರು ಯಾರ ಕೈಗೆ ಹೋದರೂ ಆ ಕಾಗದ ಅವರಿಗೆ ಬೇಕಾಗುತ್ತದೆ.